ಅಳಿಸಿದ್ದನ್ನು ಉಳಿಸಿದವರು

1960ರ ದಶಕದ ನಡುಭಾಗ. ಇಂಗ್ಲೆಂಡಿನ ಒಂದು ಸಾಧಾರಣ ಮನೆ. ಶನಿವಾರದ ಸಂಜೆ. ಕೋಣೆಯ ಮೂಲೆಯಲ್ಲಿ ಕಪ್ಪು-ಬಿಳುಪು ಚಿತ್ರದ ಟೆಲಿವಿಷನ್ ಪೆಟ್ಟಿಗೆ. ಅದರ ಮುಂದೆ ಹುಡುಗನೊಬ್ಬ ಟೇಪ್ ರೆಕಾರ್ಡರಿನ ಮೈಕು ಹಿಡಿದು ಕುಳಿತಿದ್ದಾನೆ. ಇನ್ನು ಇಪ್ಪತ್ತೈದು ನಿಮಿಷಗಳ ಕಾಲ ಯಾರೂ ಮಾತನಾಡಕೂಡದೆಂದು ಮನೆಯವರನ್ನೆಲ್ಲ ಮೊದಲೇ ಬೇಡಿಕೊಂಡಿದ್ದಾನೆ. ಅವನ ಆಸೆ ದೊಡ್ಡದೇನಲ್ಲ. ಇಂದು ನೋಡಿದ ಕಥೆಯನ್ನು ನಾಳೆ ಕಿವಿಯಿಂದಲಾದರೂ ಇನ್ನೊಮ್ಮೆ ಅನುಭವಿಸಬೇಕು, ಅಷ್ಟೆ. ತಾಳಮದ್ದಳೆಯ ಕೂಟದಲ್ಲಿ ಅರ್ಥಧಾರಿಗಳ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಇಡೀ ರಾತ್ರಿ ಕುಳಿತವರನ್ನು ಕಂಡ ನಮಗೆ ಈ ದೃಶ್ಯ ತೀರ ಅಪರಿಚಿತವೇನಲ್ಲ.

ಆ ಕಾಲದ ಬ್ರಿಟನ್ನಿನಲ್ಲಿ ಹೀಗೆ ಮೈಕು ಹಿಡಿದು ಕುಳಿತವರು ಒಬ್ಬರಲ್ಲ, ಹಲವರು. ಅವರಿಗೆ ಪರಸ್ಪರ ಪರಿಚಯವಿರಲಿಲ್ಲ. ತಾವೊಂದು ಚರಿತ್ರೆಯನ್ನು ಕಾಪಾಡುತ್ತಿದ್ದೇವೆಂಬ ಅರಿವೂ ಅವರಿಗಿರಲಿಲ್ಲ. ಅವರು ಮುದ್ರಿಸಿಕೊಳ್ಳುತ್ತಿದ್ದ ಧಾರಾವಾಹಿಯ ಹೆಸರು 'ಡಾಕ್ಟರ್ ಹೂ'. ಈ 'ಹೂ' ನಮ್ಮ ಹೂವಲ್ಲ. 'ಯಾರು' ಎಂಬ ಅರ್ಥದ ಇಂಗ್ಲಿಷ್ ಪ್ರಶ್ನೆ. ಕಥಾನಾಯಕನನ್ನು ಎಲ್ಲರೂ 'ಡಾಕ್ಟರ್' ಎಂದಷ್ಟೇ ಕರೆಯುತ್ತಾರೆ. ಆತನ ನಿಜನಾಮ ಯಾರಿಗೂ ತಿಳಿಯದು. ಅರುವತ್ತು ವರ್ಷಗಳನ್ನು ದಾಟಿದ ಈ ಧಾರಾವಾಹಿಯ ಇತಿಹಾಸವನ್ನು ಬರೆಯಹೊರಟವರು ಅದನ್ನು ತಯಾರಿಸಿದವರ ಜೊತೆಗೆ ಅದನ್ನು ಬಿಡದೆ ನೋಡಿದವರ ಕಥೆಯನ್ನೂ ಬರೆಯಬೇಕಾಗುತ್ತದೆ. ಅದಕ್ಕೆ ಕಾರಣವಿದೆ. ತಯಾರಿಸಿದ ಸಂಸ್ಥೆಯೇ ಅದನ್ನು ಅಳಿಸಿಹಾಕಿದಾಗ ಉಳಿಸಿಕೊಂಡವರು ನೋಡುಗರು.

ಒಂದು ನೀಲಿ ಪೆಟ್ಟಿಗೆ

1963ರ ನವೆಂಬರ್ 23, ಶನಿವಾರ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು. ಲೋಕವೆಲ್ಲ ಆ ಸುದ್ದಿಯಲ್ಲಿ ಮುಳುಗಿದ್ದಾಗ, ಸಂಜೆ ಐದೂಕಾಲರ ಸುಮಾರಿಗೆ, ಬಿಬಿಸಿಯಲ್ಲಿ ಹೊಸ ಧಾರಾವಾಹಿಯೊಂದರ ಮೊದಲ ಕಂತು ಪ್ರಸಾರವಾಯಿತು. ಅದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ. ಹಾಗಾಗಿ ಮುಂದಿನ ವಾರ ಎರಡನೆಯ ಕಂತಿಗೆ ಮುನ್ನ ಮೊದಲನೆಯದನ್ನು ಮತ್ತೊಮ್ಮೆ ತೋರಿಸಬೇಕಾಯಿತು.

ಅದರ ಮೂಲೋದ್ದೇಶ ಬಹು ಸರಳವಾದುದು. ಶನಿವಾರ ಮಧ್ಯಾಹ್ನದ ಕ್ರೀಡಾ ಕಾರ್ಯಕ್ರಮಕ್ಕೂ ಸಂಜೆಯ ಸಂಗೀತ ಕಾರ್ಯಕ್ರಮಕ್ಕೂ ನಡುವಿನ ಅವಧಿಯಲ್ಲಿ ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ಒಂದು ಕಥೆ ಬೇಕಿತ್ತು. ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥನಾಗಿ ಆಗಷ್ಟೇ ಬಂದಿದ್ದ ಕೆನಡಾದ ಸಿಡ್ನಿ ನ್ಯೂಮನ್ ಈ ಯೋಜನೆಯನ್ನು ರೂಪಿಸಿದವರಲ್ಲಿ ಪ್ರಮುಖ. ನಿರ್ಮಾಣದ ಹೊಣೆಯನ್ನು ಆತ ಒಪ್ಪಿಸಿದ್ದು ಇಪ್ಪತ್ತೇಳು ವರ್ಷದ ವೆರಿಟಿ ಲ್ಯಾಂಬರ್ಟ್ ಎಂಬ ಮಹಿಳೆಗೆ. ಅಂದು ಬಿಬಿಸಿಯ ನಾಟಕ ವಿಭಾಗದಲ್ಲಿ ಬೇರೆ ಮಹಿಳಾ ನಿರ್ಮಾಪಕರಿರಲಿಲ್ಲ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ 1938ರಲ್ಲಿ ನಮ್ಮ ಲಕ್ನೋದಲ್ಲಿ ಹುಟ್ಟಿ, ಬಾಲ್ಯದಲ್ಲೇ ಇಂಗ್ಲೆಂಡಿಗೆ ಹೋದವರು. 'ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್' ಕಾದಂಬರಿಯ ಲೇಖಕಿ ಅತಿಯಾ ಹುಸೇನ್ ಅವರ ತಾಯಿ. ಒಬ್ಬ ಕೆನಡಿಯನ್, ಒಬ್ಬ ತರುಣಿ, ಒಬ್ಬ ಭಾರತೀಯ ಮೂಲದ ತರುಣ: ಅಂದಿನ ಬಿಬಿಸಿಯ ಲೆಕ್ಕದಲ್ಲಿ ಮೂವರೂ ಹೊರಗಿನವರೇ. ಬ್ರಿಟನ್ನಿನ ಮನೆಮಾತಾಗಲಿದ್ದ ಕಥೆಗೆ ಜೀವ ಕೊಟ್ಟವರು ಈ ಹೊರಗಿನವರು.

ಕಥೆಯ ಚೌಕಟ್ಟು ಹೀಗಿದೆ. ಡಾಕ್ಟರ್ ಬೇರೊಂದು ಗ್ರಹದವನು. ಕಾಲದಲ್ಲಿಯೂ ಆಕಾಶದಲ್ಲಿಯೂ ಮನಬಂದಲ್ಲಿಗೆ ಹೋಗಬಲ್ಲ ಯಂತ್ರವೊಂದು ಆತನಲ್ಲಿದೆ. ಅದರ ಹೆಸರು 'ಟಾರ್ಡಿಸ್'. ಹೊರನೋಟಕ್ಕೆ ಅದು ಅಂದಿನ ಲಂಡನ್ನಿನ ಬೀದಿಗಳಲ್ಲಿ ಪೊಲೀಸರನ್ನು ಕರೆಯಲೆಂದು ಇರಿಸುತ್ತಿದ್ದ ನೀಲಿ ಬಣ್ಣದ ದೂರವಾಣಿ ಪೆಟ್ಟಿಗೆ. ಬಾಗಿಲು ತೆರೆದು ಒಳಹೊಕ್ಕರೆ ಅರಮನೆಯಷ್ಟು ವಿಶಾಲ. ಆರಂಭದಲ್ಲಿ ಆತನ ಜೊತೆಗಿದ್ದವರು ಒಬ್ಬ ವಿಜ್ಞಾನದ ಮೇಷ್ಟ್ರು, ಒಬ್ಬ ಚರಿತ್ರೆಯ ಟೀಚರು ಮತ್ತು ಆತನ ಮೊಮ್ಮಗಳು. ಮಕ್ಕಳಿಗೆ ಕಥೆಯ ನೆಪದಲ್ಲಿ ಒಂದಿಷ್ಟು ಚರಿತ್ರೆ, ಒಂದಿಷ್ಟು ವಿಜ್ಞಾನ ಕಲಿಸಬೇಕೆಂಬುದು ಆಶಯ. ವಿಕಾರರೂಪದ ರಾಕ್ಷಸರು ಬೇಡವೆಂದು ನ್ಯೂಮನ್ ಕಟ್ಟಪ್ಪಣೆ ಮಾಡಿದ್ದನಂತೆ. ಆದರೆ ಅದೇ ಡಿಸೆಂಬರಿನಲ್ಲಿ, ಲೇಖಕ ಟೆರಿ ನೇಷನ್ ಕಲ್ಪಿಸಿ ವಿನ್ಯಾಸಕಾರ ರೇಮಂಡ್ ಕ್ಯುಸಿಕ್ ರೂಪುಕೊಟ್ಟ 'ಡೇಲೆಕ್' ಎಂಬ ಲೋಹದ ಕವಚದ ಜೀವಿಗಳು ತೆರೆಯ ಮೇಲೆ ಬಂದವು. ದೇಶದ ಮಕ್ಕಳೆಲ್ಲ ಶಾಲೆಯ ಅಂಗಳದಲ್ಲಿ ಕೈಗಳನ್ನು ಚಾಚಿ, ಡೇಲೆಕ್‌ಗಳಂತೆ ಕರ್ಕಶವಾಗಿ ಕೂಗುತ್ತ ಓಡತೊಡಗಿದರು. ಧಾರಾವಾಹಿ ನೆಲೆಯೂರಿತು.

ಹಣ ಕಡಿಮೆ, ಜಾಣ್ಮೆ ಹೆಚ್ಚು. ರಾನ್ ಗ್ರೇನರ್ ರಚಿಸಿದ ಶೀರ್ಷಿಕೆ ಸಂಗೀತವನ್ನು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್ ನಾದವಾಗಿಸಿದರು. ಸಿಂಥಸೈಜರ್ ವಾದ್ಯಗಳು ಬಳಕೆಗೆ ಬಾರದಿದ್ದ ಕಾಲವದು. ಮೀಟಿದ ಒಂದು ತಂತಿಯ ದನಿ, ವಿದ್ಯುತ್ ಉಪಕರಣಗಳ ಗುಂಯ್‌ಗುಡುವಿಕೆ ಮೊದಲಾದವನ್ನು ಟೇಪಿನಲ್ಲಿ ಮುದ್ರಿಸಿ, ವೇಗ ಬದಲಿಸಿ ಸ್ವರ ಹೊಂದಿಸಿ, ತುಂಡುತುಂಡಾಗಿ ಕತ್ತರಿಸಿ ಅಂಟಿಸಿ ಇಡೀ ರಾಗವನ್ನು ಹೆಣೆಯಲಾಯಿತು. ಟಾರ್ಡಿಸ್ ಕಾಣದಾಗುವಾಗಿನ ಏದುಸಿರಿನಂಥ ಸದ್ದಿಗಾಗಿ ಬ್ರಯನ್ ಹಾಜ್ಸನ್ ಮನೆಯ ಬೀಗದ ಕೈಯಿಂದ ಪಿಯಾನೋದ ದಪ್ಪ ತಂತಿಗಳನ್ನು ಉಜ್ಜಿದರು. ಇಂದಿಗೂ ಬ್ರಿಟನ್ನಿನ ಮೂರು ತಲೆಮಾರುಗಳು ಆ ಸದ್ದನ್ನು ಕೇಳಿದೊಡನೆ ತಲೆಯೆತ್ತುತ್ತವೆ.

ವೇಷ ಒಂದೇ, ಕಲಾವಿದರು ಹಲವರು

ಮೊದಲ ಡಾಕ್ಟರ್ ಪಾತ್ರಧಾರಿ ವಿಲಿಯಂ ಹಾರ್ಟ್‌ನೆಲ್. ಮೂರು ವರ್ಷಗಳಲ್ಲಿ ಆತನ ಆರೋಗ್ಯ ಕುಂದಿತು. ನಾಯಕನಟ ನಿವೃತ್ತನಾದರೆ ಧಾರಾವಾಹಿಯೂ ಮುಗಿಯಬೇಕು, ಅದು ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. ಡಾಕ್ಟರ್ ಅನ್ಯಗ್ರಹದವನಷ್ಟೆ? ಸಾವು ಸಮೀಪಿಸಿದಾಗ ಆತನ ದೇಹ ಬದಲಾಗುತ್ತದೆಂದು ಲೇಖಕರು ನಿರ್ಧರಿಸಿದರು. 1966ರ ಅಕ್ಟೋಬರಿನಲ್ಲಿ ಹಾರ್ಟ್‌ನೆಲ್ ನೆಲಕ್ಕೊರಗಿದ. ಬೆಳಕಿನ ಹೊಳಪೊಂದರಲ್ಲಿ ಆತನ ಮುಖ ಕರಗಿ ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೊಬ್ಬ ನಟನ ಮುಖವಾಯಿತು. ನೆನಪುಗಳು ಅವೇ, ವ್ಯಕ್ತಿ ಅವನೇ. ಮಾತು, ನಡೆ, ಸ್ವಭಾವಗಳು ಮಾತ್ರ ಬೇರೆ. ಆಮೇಲೆ ಜಾನ್ ಪರ್ಟ್ವೀ, 1974ರಿಂದ ಏಳು ವರ್ಷಗಳ ಕಾಲ ಉದ್ದನೆಯ ಬಣ್ಣಬಣ್ಣದ ಮಫ್ಲರ್ ಸುತ್ತಿಕೊಂಡು ಮೆರೆದ ಟಾಮ್ ಬೇಕರ್, ಪೀಟರ್ ಡೇವಿಸನ್, ಕಾಲಿನ್ ಬೇಕರ್, ಸಿಲ್ವೆಸ್ಟರ್ ಮೆಕಾಯ್ – ಹೀಗೆ ಪರಂಪರೆ ಬೆಳೆಯಿತು.

ಕರ್ಣನ ಪಾತ್ರದಲ್ಲಿ ಯಾರು ಮೇಲು ಎಂಬ ಚರ್ಚೆ ಬಯಲಾಟ ಮುಗಿದು ಮನೆಗೆ ಮರಳುವ ದಾರಿಯಲ್ಲಿ ಹೇಗೆ ಮುಗಿಯುವುದಿಲ್ಲವೋ ಹಾಗೆಯೇ ಯಾವ ಡಾಕ್ಟರ್ ಮೇಲೆಂಬ ಚರ್ಚೆಯೂ ಈ ಅಭಿಮಾನಿಗಳಲ್ಲಿ ಮುಗಿಯದು. ಅವರಲ್ಲೊಂದು ವಾಡಿಕೆಯ ಮಾತಿದೆ: 'ನನ್ನ ಡಾಕ್ಟರ್'. ಎಂಟು-ಹತ್ತರ ಪ್ರಾಯದಲ್ಲಿ ಯಾರನ್ನು ಕಂಡರೋ ಆತನೇ ಜೀವನಪರ್ಯಂತ 'ನನ್ನ ಡಾಕ್ಟರ್'. ಯಾರ ಡಾಕ್ಟರ್ ಯಾರೆಂದು ಕೇಳಿದರೆ ಸಾಕು, ಅವರ ವಯಸ್ಸನ್ನು ಹೇಳಿಬಿಡಬಹುದು. 1963ರಲ್ಲಿ ಎಂಟು ವರ್ಷದವನಾಗಿದ್ದವನು ಇಂದು ಎಪ್ಪತ್ತರ ಅಜ್ಜ. ಆತನ ಬದುಕಿನಲ್ಲಿ ಊರು, ಉದ್ಯೋಗ, ದೇಹ ಎಲ್ಲವೂ ಬದಲಾಗಿವೆ. ತೆರೆಯ ಮೇಲಿನ ಡಾಕ್ಟರ್ ಕೂಡ ಆತನೊಂದಿಗೆ ಬದಲಾಗುತ್ತಲೇ ಬಂದಿದ್ದಾನೆ. ಈ ಒಡನಾಟವೇ ದೀರ್ಘಕಾಲದ ಅಭಿಮಾನದ ಬೇರು.

ಟೇಪಿನ ಬೆಲೆ, ನೆನಪಿನ ಬೆಲೆ

ಇಂಥ ಜನಪ್ರಿಯ ಕೃತಿಯನ್ನು ಅದನ್ನು ತಯಾರಿಸಿದವರೇ ಏಕೆ ನಾಶಮಾಡಿದರು? ದುರುದ್ದೇಶವೇನೂ ಇರಲಿಲ್ಲ, ಲೆಕ್ಕಾಚಾರವಿತ್ತು. ಅಂದಿನ ಎರಡಂಗುಲ ಅಗಲದ ವಿಡಿಯೋ ಟೇಪು ಬಲು ದುಬಾರಿ. ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ಮಿತವ್ಯಯದ ಲಕ್ಷಣವೆನಿಸಿತ್ತು. ನಟರ ಸಂಘದೊಂದಿಗಿನ ಒಪ್ಪಂದದಂತೆ ಮರುಪ್ರಸಾರಕ್ಕೆ ಮಿತಿಯಿತ್ತು. ಕಾರ್ಯಕ್ರಮಗಳನ್ನು ಮನೆಗೆ ಕೊಂಡೊಯ್ದು ನೋಡುವ ವಿಡಿಯೋ ಕ್ಯಾಸೆಟ್ಟಿನ ಯುಗ ಇನ್ನೂ ಬಂದಿರಲಿಲ್ಲ. ಬಣ್ಣದ ಪ್ರಸಾರ ಬಂದ ಮೇಲಂತೂ ಹಳೆಯ ಕಪ್ಪು-ಬಿಳುಪು ಯಾರಿಗೆ ಬೇಕು? ಟೆಲಿವಿಷನ್ ಎಂದರೆ ರಂಗದ ಮೇಲಿನ ನಾಟಕದಂತೆ, ಆಡಿದೊಡನೆ ಮುಗಿಯಿತು ಎಂಬ ಭಾವನೆ.

ಹೊರದೇಶಗಳಿಗೆ ಮಾರಲೆಂದು ಮಾಡಿಟ್ಟ 16 ಮಿಲಿಮೀಟರಿನ ಫಿಲ್ಮ್ ಪ್ರತಿಗಳಿಗೂ ಇದೇ ಗತಿ. ಮಾರಾಟದ ಹಕ್ಕಿನ ಅವಧಿ ಮುಗಿದಂತೆ ಅವೂ ಕಸಕ್ಕೆ ಸೇರಿದವು. 1960ರ ದಶಕದಲ್ಲಿ ಪ್ರಸಾರವಾದ ಒಟ್ಟು ಕಂತುಗಳು 253. 1978ರಲ್ಲಿ ಬಿಬಿಸಿ ತನ್ನ ಹಳೆಯ ಕಾರ್ಯಕ್ರಮಗಳನ್ನು ವ್ಯವಸ್ಥಿತವಾಗಿ ಕಾಪಿಡಲು ಮೊದಲ್ಗೊಂಡಾಗ ಅವುಗಳಲ್ಲಿ ಬಹುಭಾಗ ಹೋಗಿಯಾಗಿತ್ತು. ಇಯಾನ್ ಲೆವಿನ್ ಎಂಬ ಅಭಿಮಾನಿ, ವೃತ್ತಿಯಿಂದ ಸಂಗೀತ ಕ್ಷೇತ್ರದವನು, ಅದೇ ಸುಮಾರಿಗೆ ಬಿಬಿಸಿಯ ಉಗ್ರಾಣವನ್ನು ಹೊಕ್ಕು ನೋಡಿದಾಗ ಡೇಲೆಕ್‌ಗಳ ಮೊತ್ತಮೊದಲ ಕಥೆಯ ಫಿಲ್ಮುಗಳೇ ನಾಶಕ್ಕೆ ಸಿದ್ಧವಾಗಿದ್ದುವು. ಆತ ಅಡ್ಡಬಂದುದರಿಂದ ಅವು ಉಳಿದವು.

ಹುಡುಕಾಟದ ಕಥೆಗಳು

ಅಲ್ಲಿಂದೀಚೆಗೆ ನಡೆದುದು ಜಗತ್ತಿನಾದ್ಯಂತದ ಒಂದು ಹುಡುಕಾಟ. ಯಾವ ದೇಶಕ್ಕೆ ಯಾವ ಕಂತು ಮಾರಾಟವಾಗಿತ್ತು, ಅದು ಮರಳಿ ಬಂತೇ, ಇನ್ನೊಂದು ದೇಶಕ್ಕೆ ಹೋಯಿತೇ ಎಂದು ಅಭಿಮಾನಿಗಳು ಹಳೆಯ ಕಡತಗಳನ್ನು ಜಾಲಾಡಿದರು. 1983ರಲ್ಲಿ ಲಂಡನ್ನಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಎರಡು ಕಂತುಗಳು ದೊರೆತವು. 1992ರ ಆರಂಭದಲ್ಲಿ 'ದ ಟೂಂಬ್ ಆಫ್ ದ ಸೈಬರ್‌ಮೆನ್' ಎಂಬ ಕಥೆಯ ನಾಲ್ಕೂ ಕಂತುಗಳು ಹಾಂಗ್‌ಕಾಂಗಿನಿಂದ ಮರಳಿದವು. 1999ರಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಸಿಕ್ಕಿತು. 2011ರಲ್ಲಿ ಬೆಳಕಿಗೆ ಬಂದ ಎರಡು ಕಂತುಗಳನ್ನು ನಿವೃತ್ತ ಎಂಜಿನಿಯರರೊಬ್ಬರು ಅನೇಕ ವರ್ಷಗಳ ಹಿಂದೆ ಶಾಲೆಯೊಂದರ ಸಂತೆಯಲ್ಲಿ ಕೊಂಡಿದ್ದರಂತೆ. 2013ರಲ್ಲಿ ನೈಜೀರಿಯಾದ ಜೋಸ್ ನಗರದ ಟೆಲಿವಿಷನ್ ಕೇಂದ್ರವೊಂದರ ಉಗ್ರಾಣದಿಂದ ಒಂಬತ್ತು ಕಂತುಗಳು ಒಮ್ಮೆಲೇ ಹೊರಬಂದವು. ಆ ಶೋಧದ ನಂತರವೂ 97 ಕಂತುಗಳು ಕಾಣೆಯಾದವುಗಳ ಪಟ್ಟಿಯಲ್ಲೇ ಉಳಿದವು.

ಹಾರ್ಟ್‌ನೆಲ್‌ನ ಕೊನೆಯ ಕಂತು ಅವುಗಳಲ್ಲೊಂದು. ಆದರೂ ಒಬ್ಬ ಡಾಕ್ಟರ್ ಇನ್ನೊಬ್ಬನಾಗುವ ಆ ಮೊದಲ ಗಳಿಗೆ ನಮಗಿಂದು ಕಾಣಸಿಗುತ್ತದೆ. 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮ ಆ ತುಣುಕನ್ನು ಬಳಸಿಕೊಂಡಿದ್ದುದರಿಂದ ಅಷ್ಟು ಉಳಿಯಿತು. ಆಸ್ಟ್ರೇಲಿಯಾದ ಕಥೆ ಇನ್ನೂ ವಿಚಿತ್ರ. ಮಕ್ಕಳು ಹೆದರಬಾರದೆಂದು ಅಲ್ಲಿನ ಸೆನ್ಸಾರ್ ಅಧಿಕಾರಿಗಳು ಭಯಾನಕ ದೃಶ್ಯಗಳನ್ನು ಕತ್ತರಿಸಿ ತೆಗೆದಿದ್ದರು. ಇಡೀ ಕಂತುಗಳು ನಾಶವಾದವು; ಕತ್ತರಿಸಿದ ಚೂರುಗಳು ಮಾತ್ರ ಸರಕಾರಿ ಕಡತದಲ್ಲಿ ಭದ್ರವಾಗಿದ್ದುವು. 1996ರಲ್ಲಿ ಅಲ್ಲಿನ ಅಭಿಮಾನಿಗಳು ಅವನ್ನು ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಪತ್ತೆಹಚ್ಚಿದರು. ಯಾರೂ ನೋಡಬಾರದೆಂದು ತೆಗೆದಿರಿಸಿದ್ದೇ ಎಲ್ಲರೂ ನೋಡಬಹುದಾದ ಉಳಿಕೆಯಾಯಿತು.

ಮತ್ತೊಂದು ಸಾಹಸ ಬಣ್ಣದ್ದು. 1970ರ ದಶಕದ ಕೆಲವು ವರ್ಣ ಕಂತುಗಳು ಕಪ್ಪು-ಬಿಳುಪು ಫಿಲ್ಮಿನಲ್ಲಷ್ಟೇ ಉಳಿದಿದ್ದುವು. ಅವುಗಳನ್ನು ಫಿಲ್ಮಿಗೆ ಇಳಿಸುವಾಗ ಬಣ್ಣದ ಸಂಕೇತವನ್ನು ಸೋಸಿ ತೆಗೆಯದೆ ಬಿಟ್ಟುದರಿಂದ ಚಿತ್ರದ ತುಂಬ ಅತಿ ಸೂಕ್ಷ್ಮವಾದ ಚುಕ್ಕೆಗಳು ಮೂಡಿದ್ದುವು. ಅಂದು ದೋಷವೆನಿಸಿದ್ದ ಆ ಚುಕ್ಕೆಗಳಲ್ಲೇ ಬಣ್ಣದ ಗುಟ್ಟು ಅಡಗಿದೆಯೆಂದು ತಂತ್ರಜ್ಞರು ಕಂಡುಕೊಂಡರು. ಅವುಗಳನ್ನು ಗಣಕಯಂತ್ರದಿಂದ ಓದಿಸಿ ಯಾವ ಜಾಗದಲ್ಲಿ ಯಾವ ಬಣ್ಣವಿತ್ತೆಂದು ಲೆಕ್ಕಹಾಕಿ, ಕಳೆದುಹೋದ ವರ್ಣವನ್ನು ಮರಳಿ ಪಡೆದರು. ಬಾಲ್ಯದಲ್ಲಿ ಈ ಧಾರಾವಾಹಿಯ ಮೋಹಕ್ಕೆ ಸಿಲುಕಿ, ಬೆಳೆದ ಮೇಲೆ ಟೆಲಿವಿಷನ್ ತಂತ್ರಜ್ಞರಾದವರು ಇಂಥ ಪುನರುದ್ಧಾರದ ಕೆಲಸದಲ್ಲಿ ಮುಂದಾಳುಗಳಾಗಿದ್ದರು.

ಇನ್ನು ಧ್ವನಿ. ಆ 97 ಕಂತುಗಳ ಚಿತ್ರ ಸಿಗದಿದ್ದರೂ ಅವುಗಳ ಮಾತು, ಸಂಗೀತ, ಸದ್ದು ಸಂಪೂರ್ಣವಾಗಿ ಉಳಿದಿವೆ. ಒಂದೇ ಒಂದು ಕಂತಿನದೂ ತಪ್ಪಿಲ್ಲ. ಈ ಲೇಖನದ ಆರಂಭದಲ್ಲಿ ಕಂಡ ಹುಡುಗರ ಕೆಲಸವದು. ಕೆಲವರು ಮೈಕು ಹಿಡಿದರು. ವಿದ್ಯುತ್ ಉಪಕರಣಗಳ ತಿಳಿವಳಿಕೆ ಇದ್ದವರು ಟೆಲಿವಿಷನ್ ಪೆಟ್ಟಿಗೆಯೊಳಕ್ಕೇ ತಂತಿ ಜೋಡಿಸಿದರು. ಇದರೊಂದಿಗೆ ಇನ್ನೊಬ್ಬನ ಕೆಲಸವನ್ನೂ ನೆನೆಯಬೇಕು. ಜಾನ್ ಕ್ಯುರಾ ಎಂಬ ಛಾಯಾಗ್ರಾಹಕ ಪ್ರಸಾರದ ಹೊತ್ತಿನಲ್ಲಿ ಟೆಲಿವಿಷನ್ ತೆರೆಯ ಚಿತ್ರಗಳನ್ನು ಕ್ಯಾಮೆರಾದಲ್ಲಿ ಹಿಡಿದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದ. ಹೊಟ್ಟೆಪಾಡಿಗಾಗಿ ಆತ ತೆಗೆದ ಆ ಪುಟ್ಟ ಚಿತ್ರಗಳೇ ಎಷ್ಟೋ ಕಂತುಗಳಿಗೆ ಇಂದು ಉಳಿದಿರುವ ಏಕೈಕ ರೂಪ.

ದೀಪ ಆರದ ಹದಿನಾರು ವರ್ಷ

ವಿಡಿಯೋ ಇಲ್ಲದ ಕಾಲದಲ್ಲಿ ಹಳೆಯ ಕಥೆಗಳನ್ನು ಮಕ್ಕಳಿಗೆ ತಲುಪಿಸಿದ್ದು ಪುಸ್ತಕಗಳು. 1973ರಿಂದ 'ಟಾರ್ಗೆಟ್' ಹೆಸರಿನಲ್ಲಿ ಬಂದ ಅಗ್ಗದ ಬೆಲೆಯ ಕಾದಂಬರಿ ರೂಪಗಳನ್ನು ಓದಿಯೇ ಇಂಗ್ಲಿಷ್ ಓದಿನ ರುಚಿ ಹತ್ತಿಸಿಕೊಂಡವರಿಗೆ ಅಲ್ಲಿ ಲೆಕ್ಕವಿಲ್ಲ. ಟೆರೆನ್ಸ್ ಡಿಕ್ಸ್ ಒಬ್ಬರೇ ಅಂಥ ಅರುವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. 1976ರಲ್ಲಿ ಅಭಿಮಾನಿಗಳ ಸಂಘ ಹುಟ್ಟಿತು. ಮರುವರ್ಷ ಲಂಡನ್ನಿನ ಬ್ಯಾಟರ್‌ಸೀಯ ಚರ್ಚ್ ಸಭಾಂಗಣವೊಂದರಲ್ಲಿ ಮೊದಲ ಸಮಾವೇಶ ನಡೆಯಿತು. 1979ರಲ್ಲಿ ಆರಂಭವಾದ ವಾರಪತ್ರಿಕೆ ಮುಂದೆ ಮಾಸಿಕವಾಗಿ, ಧಾರಾವಾಹಿ ನಿಂತ ವರ್ಷಗಳಲ್ಲೂ ನಿಲ್ಲದೆ ಬಂತು.

ಹೌದು, ಧಾರಾವಾಹಿ ನಿಂತಿತು. 1985ರಲ್ಲಿ ಬಿಬಿಸಿಯ ಅಧಿಕಾರಿ ಮೈಕೆಲ್ ಗ್ರೇಡ್ ಹದಿನೆಂಟು ತಿಂಗಳ ವಿರಾಮ ಘೋಷಿಸಿದಾಗ ಪ್ರತಿಭಟನೆಯ ಅಲೆಯೇ ಎದ್ದಿತು. ವಿರಾಮದ ಬಳಿಕ ಮರಳಿದರೂ ಮೊದಲಿನ ಬಲವಿರಲಿಲ್ಲ. 1989ರ ಡಿಸೆಂಬರ್ 6ರಂದು, ಇಪ್ಪತ್ತಾರು ಸರಣಿಗಳ ನಂತರ, ಕೊನೆಯ ಕಂತು ಪ್ರಸಾರವಾಯಿತು. ಅದ್ದೂರಿಯ ವಿದಾಯವಿರಲಿಲ್ಲ. ಮುಂದಿನ ವರ್ಷ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. 1996ರಲ್ಲಿ ಪಾಲ್ ಮೆಗ್ಯಾನ್ ನಟಿಸಿದ ಒಂದೇ ಒಂದು ಟೆಲಿವಿಷನ್ ಚಿತ್ರ ಬಂದು ಹೋಯಿತು.

ಈ ಹದಿನಾರು ವರ್ಷಗಳಲ್ಲಿ ಅಭಿಮಾನಿಯಾಗಿರುವುದು ನಗೆಪಾಟಲಿನ ಸಂಗತಿಯಾಗಿತ್ತು. ಅಲುಗಾಡುವ ಗೋಡೆಗಳ, ರಬ್ಬರಿನ ರಾಕ್ಷಸರ ಆ ಹಳೆಯ ಮಕ್ಕಳಾಟವನ್ನು ಇನ್ನೂ ಹಿಡಿದುಕೊಂಡಿರುವೆಯಾ ಎಂದು ಕೇಳುವವರೇ ಎಲ್ಲ. ಆದರೂ ಕೆಲವರು ಬಿಡಲಿಲ್ಲ. ಅಷ್ಟೇ ಅಲ್ಲ, ಬರೆಯತೊಡಗಿದರು. 1991ರಿಂದ ಹೊಸ ಕಾದಂಬರಿಗಳ ಮಾಲೆ ಬಂತು. ಅದಕ್ಕೆ ಬರೆದವರಲ್ಲಿ ಅನೇಕರು ಅಭಿಮಾನಿಗಳೇ. 1999ರಿಂದ 'ಬಿಗ್ ಫಿನಿಶ್' ಸಂಸ್ಥೆ ಹಳೆಯ ನಟರನ್ನೇ ಕರೆತಂದು ಧ್ವನಿನಾಟಕಗಳನ್ನು ಹೊರತಂದಿತು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ 'ಹ್ಯೂಮನ್ ನೇಚರ್' ಕಾದಂಬರಿ 2007ರಲ್ಲಿ ಟೆಲಿವಿಷನ್ನಿಗೆ ಬಂತು. ಗೆಳೆಯರೊಂದಿಗೆ ಹವ್ಯಾಸಕ್ಕಾಗಿ ಧ್ವನಿನಾಟಕಗಳನ್ನು ಮಾಡುತ್ತಿದ್ದ ನಿಕೊಲಸ್ ಬ್ರಿಗ್ಸ್ 2005ರಿಂದ ಡೇಲೆಕ್‌ಗಳ ಅಧಿಕೃತ ಕಂಠವಾದರು.

2005ರ ಮಾರ್ಚ್ 26ರಂದು ಡಾಕ್ಟರ್ ಮರಳಿದ. ವೇಲ್ಸ್ ಪ್ರಾಂತದ ಕಾರ್ಡಿಫ್ ನಗರ ಅದರ ಹೊಸ ನೆಲೆ. ಕ್ರಿಸ್ಟೊಫರ್ ಎಕಲ್‌ಸ್ಟನ್ ನಟಿಸಿದ ಆ ಕಂತನ್ನು ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೋಡಿದರು. ಅದನ್ನು ಮರಳಿ ಕಟ್ಟಿದ ರಸೆಲ್ ಟಿ. ಡೇವಿಸ್ ಬಾಲ್ಯದಿಂದಲೂ ಅಭಿಮಾನಿ. ಧಾರಾವಾಹಿ ನಿಂತಿದ್ದ ಕಾಲದಲ್ಲಿ ಅದರ ಕಾದಂಬರಿಯೊಂದನ್ನು ಬರೆದವರು. ಅದೇ ವರ್ಷ ಡಾಕ್ಟರ್ ಪಾತ್ರ ವಹಿಸಿಕೊಂಡ ಡೇವಿಡ್ ಟೆನಂಟ್ ಈ ಧಾರಾವಾಹಿಯನ್ನು ನೋಡಿಯೇ ನಟನಾಗಬೇಕೆಂದು ಬಯಸಿದವರು. 2013ರಲ್ಲಿ ಆ ಪಾತ್ರಕ್ಕೆ ಆಯ್ಕೆಯಾದ ಪೀಟರ್ ಕಪಾಲ್ಡಿಯ ಪತ್ರವೊಂದು 1974ರಲ್ಲಿ, ಆತನ ಹದಿನೈದನೆಯ ವಯಸ್ಸಿನಲ್ಲಿ, ಬಿಬಿಸಿಯ 'ರೇಡಿಯೋ ಟೈಮ್ಸ್' ಪತ್ರಿಕೆಯಲ್ಲಿ ಅಚ್ಚಾಗಿತ್ತು. ವಿಷಯ, 'ಡಾಕ್ಟರ್ ಹೂ' ವಿಶೇಷ ಸಂಚಿಕೆಯ ಪ್ರಶಂಸೆ. 1986ರಲ್ಲಿ ಬಿಬಿಸಿಯದೇ ಚರ್ಚಾ ಕಾರ್ಯಕ್ರಮದಲ್ಲಿ, ಲೇಖಕರ ಮುಂದೆಯೇ ಅವರ ಕಥೆಯನ್ನು ಖಂಡತುಂಡವಾಗಿ ಟೀಕಿಸಿದ ಹದಿನಾರರ ಹುಡುಗ ಕ್ರಿಸ್ ಚಿಬ್ನಾಲ್. ಮೂರು ದಶಕಗಳ ನಂತರ ಧಾರಾವಾಹಿಯ ಸಂಪೂರ್ಣ ಹೊಣೆ ಆತನ ಹೆಗಲೇರಿತು. ಆಮೇಲೆ ಟೀಕೆ ಕೇಳುವ ಸರದಿ ಆತನದಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಅಭಿಮಾನದ ಇನ್ನೊಂದು ಮುಖ

ಅಭಿಮಾನವನ್ನು ಹೊಗಳುವಾಗ ಅದರ ದೋಷವನ್ನು ಮರೆಮಾಚಬಾರದು. ಬಹುಕಾಲ ಪ್ರೀತಿಸಿದ್ದರ ಮೇಲೆ ಒಡೆತನದ ಭಾವ ಬೆಳೆಯುವುದು ಮನುಷ್ಯಸಹಜ. 1980ರ ದಶಕದಲ್ಲಿ ಧಾರಾವಾಹಿ ತನ್ನ ಹಳೆಯ ಕಥೆಗಳನ್ನೇ ಮತ್ತೆ ಮತ್ತೆ ನೆನೆಯುತ್ತ, ಬಲ್ಲವರಿಗೆ ಮಾತ್ರ ಅರ್ಥವಾಗುವಂತಾಯಿತು. ಸಾಮಾನ್ಯ ಪ್ರೇಕ್ಷಕ ಮೆಲ್ಲನೆ ಎದ್ದುಹೋದ. 2017ರಲ್ಲಿ ಜೋಡಿ ವಿಟ್ಟೇಕರ್ ಎಂಬ ನಟಿಯನ್ನು ಡಾಕ್ಟರ್ ಪಾತ್ರಕ್ಕೆ ಆರಿಸಿದಾಗ, ಬದಲಾವಣೆಯೇ ಜೀವಾಳವಾದ ಕಥೆಯನ್ನು ದಶಕಗಳ ಕಾಲ ಮೆಚ್ಚಿದ ಕೆಲವರು ಈ ಬದಲಾವಣೆಯನ್ನು ಸಹಿಸದೆ ಹೋದರು. 2005ರಲ್ಲಿ ಡೇವಿಸ್ ಗೆದ್ದುದರ ಗುಟ್ಟು ಇಲ್ಲಿಯೇ ಇದೆ. ಹಳೆಯದೆಲ್ಲವನ್ನೂ ಬಲ್ಲ ಆತ, ಹಳೆಯದೊಂದನ್ನೂ ಅರಿಯದ ಹತ್ತು ವರ್ಷದ ಮಗುವಿಗಾಗಿ ಬರೆದರು. ಮನೆಯ ಹಳೆಯ ಸೊತ್ತನ್ನು ಕಾಪಾಡುವವನು ಬಾಗಿಲಿಗೆ ಅಗುಳಿ ಹಾಕಿ ಕೂತರೆ ಸೊತ್ತು ಉಳಿದೀತು, ಮನೆಗೆ ಬರುವವರು ಇರಲಾರರು.

ಬಾಗಿಲು ತೆರೆದುದರ ಫಲವೊಂದನ್ನು ಇಲ್ಲಿ ಹೇಳಲೇಬೇಕು. 2018ರ ನವೆಂಬರ್ 11ರಂದು ಪ್ರಸಾರವಾದ 'ಡೀಮನ್ಸ್ ಆಫ್ ದ ಪಂಜಾಬ್' ಎಂಬ ಕಂತನ್ನು ಬರೆದವರು ವಿನಯ್ ಪಟೇಲ್. ಡಾಕ್ಟರಳ ಜೊತೆಗಾರ್ತಿ ಯಾಸ್ಮಿನ್ ಖಾನ್ ಇಂಗ್ಲೆಂಡಿನ ಶೆಫೀಲ್ಡಿನವಳು. ತನ್ನ ಅಜ್ಜಿಯ ಯೌವನವನ್ನು ಕಾಣಬೇಕೆಂಬ ಆಸೆಯಿಂದ 1947ರ ಆಗಸ್ಟಿನ ಪಂಜಾಬಿಗೆ ಹೋಗುತ್ತಾಳೆ. ಅಲ್ಲಿ ಅಜ್ಜಿಗೆ ಮದುವೆಯ ಸಿದ್ಧತೆ ನಡೆದಿದೆ. ವಧು ಮುಸ್ಲಿಂ, ವರ ಹಿಂದೂ. ದೇಶ ಒಡೆಯುವ ಗೆರೆ ಅವರ ಹೊಲದ ನಡುವೆಯೇ ಹಾದುಹೋಗುತ್ತಿದೆ. ವರನ ಪ್ರಾಣ ತೆಗೆಯುವುದು ಅನ್ಯಗ್ರಹದ ರಾಕ್ಷಸರಲ್ಲ, ಆತನ ಸ್ವಂತ ತಮ್ಮ ಸೇರಿಕೊಂಡ ಗುಂಪು. ಕಾಲವನ್ನೇ ದಾಟಬಲ್ಲ ಡಾಕ್ಟರ್ ಆತನನ್ನು ಉಳಿಸುವಂತಿಲ್ಲ. ಉಳಿಸಿದರೆ ಯಾಸ್ಮಿನ್ ಹುಟ್ಟಲಾರಳು. ಸುಮ್ಮನೆ ತಿರುಗಿ ನಡೆಯುವುದೊಂದೇ ದಾರಿ.

1956ರ ಗೆರೆಯನ್ನು 1947ರ ಗೆರೆಯೊಂದಿಗೆ ಸರಿದೂಗಿಸುವುದು ಸಲ್ಲದು. ಆ ದುಃಖದ ಅಳತೆಯೇ ಬೇರೆ. ಆದರೂ ದೂರದ ಕಚೇರಿಯಲ್ಲಿ ಎಳೆದ ಗೆರೆಯೊಂದು ತಮ್ಮ ಅಂಗಳದಲ್ಲಿ ಹಾದುಹೋಗುವುದೆಂದರೇನೆಂದು ಈ ಪತ್ರಿಕೆಯ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಲಕ್ನೋದಲ್ಲಿ ಹುಟ್ಟಿದ ತರುಣನ ನಿರ್ದೇಶನದಿಂದ ಆರಂಭವಾದ ಕಥೆ, ಐವತ್ತೈದು ವರ್ಷಗಳ ನಂತರ ಆತನ ಉಪಖಂಡದ ಗಾಯದ ಬಳಿಗೆ ಬಂದು ನಿಂತಿತು. ಅಂದಿನ ಕಂತಿನ ಕೊನೆಗೆ ಡರ್ಬಿಶೈರರ ಆ ಹಳೆಯ ರಾಗ ದಕ್ಷಿಣ ಏಷ್ಯದ ಗಾಯನ ಶೈಲಿಯಲ್ಲಿ ಕೇಳಿಬಂತು.

ಮರಳಿ ಬಂದ ದನಿ

ಟ್ರೌಟನ್ ನಟಿಸಿದ ಮೊದಲ ಕಥೆ 'ದ ಪವರ್ ಆಫ್ ದ ಡೇಲೆಕ್ಸ್'. 1966ರ ನವೆಂಬರ್ 5ರಂದು ಅದರ ಮೊದಲ ಕಂತು ಬಂತು. ಒಬ್ಬ ಡಾಕ್ಟರ್ ಹೋಗಿ ಇನ್ನೊಬ್ಬ ಬಂದಾಗ ಜನ ಒಪ್ಪುವರೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಕಥೆಯಲ್ಲಿ. ಧಾರಾವಾಹಿಯ ಆಯುಷ್ಯವನ್ನು ನಿರ್ಣಯಿಸಿದ ಆ ಆರು ಕಂತುಗಳೂ ಅಳಿಸಿಹೋದವು.

ಸರಿಯಾಗಿ ಐವತ್ತು ವರ್ಷಗಳ ಬಳಿಕ, 2016ರ ನವೆಂಬರ್ 5ರಂದು, ಆ ಕಥೆ ರೇಖಾಚಿತ್ರಗಳ ಚಲನೆಯಲ್ಲಿ ಮತ್ತೆ ಬಿಡುಗಡೆಯಾಯಿತು. ಕ್ಯುರಾ ತೆಗೆದ ಚಿತ್ರಗಳು ಕಲಾವಿದರಿಗೆ ಆಧಾರವಾದವು. ಧ್ವನಿಯನ್ನು ಹೊಸದಾಗಿ ಯಾರಿಂದಲೂ ಆಡಿಸಲಿಲ್ಲ. ಕೇಳಿಸಿದ್ದು 1966ರ ಟ್ರೌಟನ್‌ನ ದನಿಯೇ. ಅಷ್ಟು ಹೊತ್ತಿಗೆ ಆತ ತೀರಿಕೊಂಡು ಮೂರು ದಶಕಗಳಾಗುತ್ತ ಬಂದಿತ್ತು. ಆ ದನಿ ಬಿಬಿಸಿಯ ಭಂಡಾರದಲ್ಲಿ ಇರಲಿಲ್ಲ. ಅದು ಬಂದದ್ದು, ಅರ್ಧ ಶತಮಾನದ ಹಿಂದಿನ ಶನಿವಾರದ ಸಂಜೆಗಳಲ್ಲಿ, ಮನೆಯವರನ್ನು ಸುಮ್ಮನಿರಿಸಿ, ಉಸಿರು ಬಿಗಿಹಿಡಿದು ಟೇಪು ತಿರುಗಿಸುತ್ತ ಕುಳಿತಿದ್ದವರ ಮನೆಗಳಿಂದ.